ಪುಕ್ಕಟೆ ಇದ್ದಿಲು

ಆ ಫೆಬ್ರವರಿಯಲ್ಲಿ ಬಸಿಂಗ್ ಇಪ್ಪತ್ತಾರನೆಯ ಸಲ ಕೆಲಸಕ್ಕೆ ಹೊಸದಾಗಿ ಸೇರಿದಳು.

ಗೇಟು ಅದೇ, ಸಲಿಕೆ ಅದೇ, ಬೈಯುವವನೂ ಅವನೇ. ಆದರೆ ಆರು ತಿಂಗಳು ದುಡಿಸಿಕೊಂಡರೆ ಕಾನೂನಿನ ಪ್ರಕಾರ ಆಳು ಕಾಯಂ ಆಗಿಬಿಡುತ್ತಾಳೆ. ಅಂಥ ಅನಾಹುತ ಆಗಬಾರದೆಂದು ಕಂಪನಿ ಐದನೆಯ ತಿಂಗಳ ಕೊನೆಗೆ ಅವಳ ಕರಾರು ಮುಗಿಸಿ, ಒಂದು ವಾರ ಮನೆಯಲ್ಲಿ ಕೂರಿಸಿ, ಮತ್ತೆ ಕರೆದು ಹೊಸ ಅರ್ಜಿ ತುಂಬಿಸುತ್ತಿತ್ತು. ಅರ್ಜಿಯಲ್ಲಿ ‘ಹಿಂದಿನ ಅನುಭವ’ ಎಂಬ ಜಾಗದಲ್ಲಿ ‘ಇಲ್ಲ’ ಎಂದು ಬರೆಯಬೇಕು. ಹನ್ನೊಂದು ವರ್ಷ ಒಂದೇ ಕೆಲಸ ಮಾಡಿಯೂ ಅನುಭವವಿಲ್ಲದವರು ಎಂದರೆ ಇಡೀ ಲಗೂನಾ ಸರೋವರದ ದಂಡೆಯಲ್ಲಿ ಬಸಿಂಗ್ ಮತ್ತು ಅವಳ ಜೊತೆಗಿನ ಹದಿಮೂರು ಹೆಂಗಸರೇ ಇರಬೇಕು.

ಹಳೆಯದನ್ನು ಹೊಸದು ಮಾಡುವುದೇ ಆ ಕಂಪನಿಯ ಕಸುಬು. ಮೂರು ಊರುಗಳ ಕಕ್ಕಸಿನ ನೀರು, ಎರಡು ಆಸ್ಪತ್ರೆಗಳ ನೀರು, ಒಂದು ಗುಳಿಗೆ ಕಾರ್ಖಾನೆಯ ನೀರು ದೊಡ್ಡ ಕೊಳವೆಯಲ್ಲಿ ಅಲ್ಲಿಗೆ ಬಂದು ಬೀಳುತ್ತಿತ್ತು. ಮೊದಲ ತೊಟ್ಟಿಯಲ್ಲಿ ಕಣ್ಣಿಗೆ ಕಾಣುವ ಹೊಲಸು ಹೋಗುತ್ತಿತ್ತು. ಎರಡನೆಯದರಲ್ಲಿ ಮೂಗಿಗೆ ತಿಳಿಯುವ ಹೊಲಸು. ಕೊನೆಗೆ ಎರಡಾಳೆತ್ತರದ ಉಕ್ಕಿನ ಟ್ಯಾಂಕುಗಳಲ್ಲಿ, ತೆಂಗಿನ ಕರಟದ ಇದ್ದಿಲಿನ ನಡುವೆ ಇಳಿದು, ಕಣ್ಣಿಗೂ ಕಾಣದ ಮೂಗಿಗೂ ತಿಳಿಯದ ಹೊಲಸನ್ನು ಅಲ್ಲೇ ಬಿಟ್ಟು ನೀರು ಹೊರಗೆ ಬರುತ್ತಿತ್ತು. ಅದು ಗಾಲ್ಫ್ ಮೈದಾನದ ಹುಲ್ಲಿಗೆ ಹೋಗುತ್ತಿತ್ತು. ಮಾಲ್‌ನ ಕಾರಂಜಿಗೆ ಹೋಗುತ್ತಿತ್ತು. ಕಾರ್ಖಾನೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ಸಿತಿಯೋ ಪುಲೋ ಎಂಬ ಕೇರಿಗೆ ಮಾತ್ರ ಬರುತ್ತಿರಲಿಲ್ಲ. ಆ ಅರವತ್ತು ತಗಡಿನ ಮನೆಗಳವರು ಕುಡಿಯುವ ನೀರನ್ನು ತಳ್ಳುಗಾಡಿಯವನಿಂದ ಡಬ್ಬಗಳಲ್ಲಿ ಕೊಳ್ಳುತ್ತಿದ್ದರು. ಗಾಲ್ಫ್ ಹುಲ್ಲಿನಷ್ಟು ಪುಣ್ಯ ಅವರು ಮಾಡಿರಲಿಲ್ಲ.

ಬಸಿಂಗಳ ಕೆಲಸ ಆ ಇದ್ದಿಲಿನ ಟ್ಯಾಂಕಿನ ಒಳಗೆ. ಕೆಲವು ತಿಂಗಳು ಹೊಲಸು ಹಿಡಿದು ಹಿಡಿದು ಇದ್ದಿಲು ದಣಿಯುತ್ತದೆ. ಆಗ ಅದನ್ನು ತೆಗೆದು ಹೊಸದು ತುಂಬಬೇಕು. ಅದನ್ನು ಹೀರಿ ತೆಗೆಯುವ ಯಂತ್ರ ಕಂಪನಿಯಲ್ಲಿತ್ತು, ಕೆಟ್ಟು ಕೂತಿತ್ತು. ರಿಪೇರಿಗಿಂತ ಹೆಂಗಸರು ಅಗ್ಗ. ಟ್ಯಾಂಕಿನ ಕಿಂಡಿ ಎಷ್ಟು ಕಿರಿದೆಂದರೆ ಹೊಟ್ಟೆ ತುಂಬ ಉಂಡವರು ಅದರಲ್ಲಿ ನುಸುಳಲಾರರು, ಆದ್ದರಿಂದ ಕೇರಿಯವರನ್ನೇ ಆರಿಸಿಕೊಂಡಿದ್ದರು. ಸೊಂಟಕ್ಕೆ ಹಗ್ಗ. ತೊಡೆಮಟ್ಟ ಒದ್ದೆ ಇದ್ದಿಲು. ಬಗ್ಗಿ ಸಲಿಕೆ ಹಾಕಬೇಕು, ಬಕೆಟ್ ತುಂಬಬೇಕು, ತಲೆಯ ಮೇಲೆತ್ತಿ ಕಿಂಡಿಗೆ ಕೊಡಬೇಕು. ಮೂಗು, ಕಿವಿ, ಉಗುರು, ಒಳಲಂಗ ಎಲ್ಲ ಕಪ್ಪು. ಮನೆಗೆ ಹೋದ ಮೇಲೂ ಕೆಮ್ಮಿದರೆ ಕಪ್ಪೇ ಬೀಳುತ್ತಿತ್ತು.

ಒದ್ದೆ ಇದ್ದಿಲು ಗಾಳಿಯನ್ನೂ ತಿನ್ನುತ್ತದೆ. ಮುಚ್ಚಿದ ಟ್ಯಾಂಕಿನಲ್ಲಿ ಉಸಿರಾಡಲು ಗಾಳಿ ಎಷ್ಟಿದೆಯೆಂದು ಅಳೆಯುವ ಒಂದು ಪೆಟ್ಟಿಗೆ ಇತ್ತು. ತಪಾಸಣೆಗೆ ಬಂದವರಿಗೆ ತೋರಿಸಲೆಂದು ಅದನ್ನು ಆಫೀಸಿನ ಗಾಜಿನ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಹೆಂಗಸರಿಗೆ ಅವರದೇ ಪೆಟ್ಟಿಗೆಯಿತ್ತು: ಗಂಟಲು. ಒಳಗಿಳಿದವಳು ಹಾಡುತ್ತಲೇ ಇರಬೇಕು. ಹಾಡು ನಿಂತರೆ, ತೊದಲಿದರೆ, ಹೊರಗೆ ಹಗ್ಗ ಹಿಡಿದವಳು ಹಿಂದುಮುಂದು ನೋಡದೆ ಎಳೆಯಬೇಕು. ಪಕ್ಕದ ಮನೆಯ ಪಿನಾಂಗ್ ಹಾಡುವಾಗ ಬಸಿಂಗ್ ಅವಳನ್ನು ಎರಡು ಸಲ ಸುಮ್ಮಸುಮ್ಮನೆ ಎಳೆದು ಹಾಕಿದ್ದಳು.

"ನಾ ಸಾಯ್ತಿರ್ಲಿಲ್ಲ ಕಣೇ, ಹಾಡ್ತಿದ್ದೆ," ಎಂದು ಪಿನಾಂಗ್ ತರಚಿದ ಮೊಣಕೈಗೆ ಊದಿಕೊಳ್ಳುತ್ತ ಬೈದಳು.

"ನಿನ್ನ ಹಾಡು ಕೇಳಿದ್ರೆ ಎರಡಕ್ಕೂ ವ್ಯತ್ಯಾಸ ತಿಳಿಯಲ್ವೇ. ಇನ್ಮೇಲೆ ಸಾಯೋವಾಗ ಹೇಳಿ ಸಾಯಿ."

ಇಷ್ಟೆಲ್ಲ ಸಹಿಸಿಕೊಂಡೇ ಹನ್ನೊಂದು ವರ್ಷ ಕಳೆದಿತ್ತು. ಸಹಿಸಲಾಗದ್ದು ಎರಡು ವರ್ಷದ ಹಿಂದೆ ಶುರುವಾಯಿತು. ಅದನ್ನು ಶುರು ಮಾಡಿದವಳು ಸ್ವತಃ ಬಸಿಂಗ್.

ಅವಳು ಹುಟ್ಟಿದ್ದು ಕೆಸೋನ್ ಕಡೆಯ ತೆಂಗಿನ ಸೀಮೆಯಲ್ಲಿ. ಅಪ್ಪ ನೆಲದಲ್ಲಿ ಗುಂಡಿ ತೋಡಿ ಕರಟ ಸುಟ್ಟು ಇದ್ದಿಲು ಮಾಡುತ್ತಿದ್ದ. ಒಳ್ಳೆಯ ಕರಟದ ಇದ್ದಿಲನ್ನು ಕಲ್ಲಿನ ಮೇಲೆ ಬೀಳಿಸಿದರೆ ಪಿಂಗಾಣಿಯಂತೆ ಠಣ್ಣೆನ್ನುತ್ತದೆ ಎಂದು ಅವಳಿಗೆ ಐದನೆಯ ವಯಸ್ಸಿಗೇ ಗೊತ್ತಿತ್ತು. ಟ್ಯಾಂಕಿನಿಂದ ತೆಗೆದು ಅಂಗಳದಲ್ಲಿ ಸುರಿದಿದ್ದ ಇದ್ದಿಲು ಒಂದು ದಿನ ಬಿಸಿಲಿಗೆ ಒಣಗಿತ್ತು. ಅವಳು ಒಂದು ಹಿಡಿ ಎತ್ತಿ ಬೀಳಿಸಿದಳು. ಠಣ್ಣೆಂದಿತು. ಇಂಥ ಮಾಲನ್ನು ಕಸವೆನ್ನುತ್ತಾರಲ್ಲ, ಈ ಇಂಜಿನಿಯರುಗಳಿಗೆ ಒಲೆ ಹಚ್ಚಿ ಗೊತ್ತಿಲ್ಲ ಎಂದು ಅವಳಿಗೆ ಕನಿಕರವಾಯಿತು. ಬುತ್ತಿಯ ಚೀಲದಲ್ಲಿ ತುಂಬಿಕೊಂಡಳು. ಗೇಟಿನಲ್ಲಿ ಕಾವಲುಗಾರ ಹಿಡಿದ.

ಇಂಜಿನಿಯರ್ ಬನಾಯೊ ಕಾರ್ಖಾನೆಯ ಮುಖ್ಯಸ್ಥ. ಕೆಲಸ ಹೋಯಿತೆಂದುಕೊಂಡೇ ಅವಳು ಅವನ ಮೇಜಿನ ಮುಂದೆ ನಿಂತಳು. ಅವನು ಚೀಲ ನೋಡಿದ, ಅವಳನ್ನು ನೋಡಿದ, ಮತ್ತೆ ಚೀಲ ನೋಡಿದ.

"ಇದನ್ನ ಏನ್ ಮಾಡ್ತೀಯ?"

"ಒಲೆಗೆ ಸಾರ್. ಮರಗೆಣಸಿನ ಅಂಟಲ್ಲಿ ಕಲಸಿ ಉಂಡೆ ಕಟ್ಟಿದ್ರೆ ಚೆನ್ನಾಗಿ ಉರಿಯತ್ತೆ. ತಪ್ಪಾಯ್ತು."

"ನಿಮ್ಮ ಕೇರೀಲಿ ಎಷ್ಟು ಒಲೆ ಇವೆ?"

"ಅರವತ್ತು ಸಾರ್."

ಇಂಜಿನಿಯರ್ ನಕ್ಕ. ಅವನು ಅವಳ ಮುಖ ನೋಡಿ ನಕ್ಕಿದ್ದು ಅದೇ ಮೊದಲು. ದಣಿದ ಇದ್ದಿಲನ್ನು ಡ್ರಮ್ಮುಗಳಲ್ಲಿ ಮುಚ್ಚಿ ಮೊಹರು ಹಾಕಿ, ಎಲ್ಲೋ ದೂರದ ವಿಶೇಷ ಕುಲುಮೆಗೆ ಕಳಿಸಿ ಸುಡಿಸಬೇಕು ಎಂಬ ನಿಯಮವಿತ್ತು. ಆ ಖರ್ಚಿನ ಚಿಂತೆಯಲ್ಲಿ ಕೂದಲು ಉದುರಿಸಿಕೊಂಡಿದ್ದ ಮನುಷ್ಯನ ಮುಂದೆ ಕಳ್ಳಿಯೊಬ್ಬಳು ಅರವತ್ತು ಕುಲುಮೆಗಳನ್ನು ತಂದು ಇಟ್ಟಿದ್ದಳು. ಅವಳಿಗೆ ಕ್ಷಮೆ ಸಿಕ್ಕಿತು. ಕೇರಿಗೆ ಯೋಜನೆ ಸಿಕ್ಕಿತು.

ಯೋಜನೆಯ ಹೆಸರು ‘ನಗುವ ಒಲೆ’. ಕಂಪನಿಯ ಪ್ರಚಾರದ ಮೇಡಂ ರೋಶೆಲ್ ಬಂದು ಎಲ್ಲರಿಗೂ ಹಳದಿ ಅಂಗಿ ಹಂಚಿದರು. ಉಂಡೆ ಕಟ್ಟುವುದು ಹೇಗೆಂದು ಹೆಂಗಸರಿಗೇ ಪಾಠ ಮಾಡಿದರು. ಹೆಂಗಸರು ಬೆರಣಿ ತಟ್ಟುವ ಹಾಗೆ ಅಂಗಳದಲ್ಲಿ ಸಾಲಾಗಿ ಕೂತು ಕಪ್ಪು ಉಂಡೆ ಕಟ್ಟಿದರು, ಮೇಡಂ ಫೋಟೋ ತೆಗೆಸಿದರು. ಆ ವರ್ಷ ಕಂಪನಿಗೆ ಪ್ರಶಸ್ತಿ ಬಂತು. ಬಡವರ ಒಲೆ ಉರಿಸಿದ್ದಕ್ಕಂತೆ. ಕೇರಿಯವರೂ ಕುಣಿದಾಡಿದರು. ಪುಕ್ಕಟೆ ಸೌದೆ ಯಾರಿಗೆ ಬೇಡ? ಬಸಿಂಗ್ ಸಿಕ್ಕಲ್ಲೆಲ್ಲ "ನಿನ್ನಿಂದ ನಮ್ಮನೇಲಿ ಅನ್ನ ಬೇಯ್ತಿದೆ ಅಕ್ಕ" ಅನ್ನುತ್ತಿದ್ದರು. ಅವಳೂ ಸೆರಗಿಲ್ಲದ ಹೆಗಲ ಮೇಲೆ ಸೆರಗು ಹೊದ್ದವಳಂತೆ ಬೀಗಿದಳು.

ಹೊಗೆ ಮಾತ್ರ ಬೇರೆ ಥರ ಇತ್ತು. ನಾಲಿಗೆಯ ಮೇಲೆ ಕಹಿ ಕೂರುತ್ತಿತ್ತು, ಗುಳಿಗೆ ನುಂಗಲಾಗದೆ ಬಾಯಲ್ಲೇ ಕರಗಿದ ಹಾಗೆ. ಮನೆಯೊಳಗೆ ಆಸ್ಪತ್ರೆಯ ವಾಸನೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಅಡುಗೆ ಮಾಡಿದ ದಿನ ಹೆಂಗಸರಿಗೆ ತಲೆ ಸಿಡಿಯುತ್ತಿತ್ತು, ವಾಂತಿಯಾಗುತ್ತಿತ್ತು. ಬಸಿಂಗಳ ಮೊಮ್ಮಗಳು ಮಾಯುಮಿಗೆ ನಾಲ್ಕು ವರ್ಷ. ಅವಳಮ್ಮ ಬಟ್ಟೆ ಕಾರ್ಖಾನೆಗೆ ಹೋಗುತ್ತಿದ್ದರಿಂದ ಮಗು ಇಡೀ ದಿನ ಅಜ್ಜಿಯ ಒಲೆಯ ಬುಡದಲ್ಲೇ ಆಡಿ, ಅಲ್ಲೇ ಮಲಗುತ್ತಿತ್ತು. ಅದಕ್ಕೆ ಕೆಮ್ಮು ಹಿಡಿಯಿತು. ಒಂದು ತಿಂಗಳು, ಎರಡು ತಿಂಗಳು, ವರ್ಷ. ಕೆಮ್ಮಿ ಕೆಮ್ಮಿ ಪಕ್ಕೆ ಒಳಗೆ ಸೇದಿಕೊಳ್ಳುತ್ತಿತ್ತು. ಆರೋಗ್ಯ ಕೇಂದ್ರದ ನರ್ಸ್, ಮನೆಯಲ್ಲಿ ಯಾರು ಸಿಗರೇಟ್ ಸೇದುತ್ತಾರೆ ಎಂದು ಗದರಿ, ಒಂದು ಔಷಧಿ ಬರೆದು ಕೊಟ್ಟಳು.

ಆ ಔಷಧಿ ಕೊಳ್ಳುವ ಶಕ್ತಿ ಬಸಿಂಗಳಿಗೆ ಇರಲಿಲ್ಲ. ಚಿಂತೆಯೇನೂ ಇರಲಿಲ್ಲ ಬಿಡಿ. ಅದೇ ಔಷಧಿಯನ್ನು ಊರಿನ ಬೇರೆ ಮಕ್ಕಳು ಕುಡಿಯುತ್ತಿದ್ದರು, ಉಚ್ಚೆ ಹೊಯ್ಯುತ್ತಿದ್ದರು, ಅದು ಕೊಳವೆ ಹಿಡಿದು ಕಾರ್ಖಾನೆಗೆ ಬರುತ್ತಿತ್ತು, ಇದ್ದಿಲಿಗೆ ಅಂಟುತ್ತಿತ್ತು, ಬಸಿಂಗ್ ಅದನ್ನು ಬಗೆದು ತಂದು ಒಲೆಗೆ ಹಾಕುತ್ತಿದ್ದಳು, ಮಾಯುಮಿ ಮೂಗಿನಲ್ಲಿ ಸೇದಿಕೊಳ್ಳುತ್ತಿದ್ದಳು. ಅದರ ಜೊತೆಗೆ ದೊಡ್ಡವರ ಸಕ್ಕರೆ ಕಾಯಿಲೆಯ ಗುಳಿಗೆ, ರಕ್ತದೊತ್ತಡದ ಗುಳಿಗೆ, ಬಸಿರು ನಿಲ್ಲಿಸುವ ಗುಳಿಗೆ, ಜಿರಲೆ ಕೊಲ್ಲುವ ಮದ್ದು ಎಲ್ಲವೂ ಪುಕ್ಕಟೆ. ಕಂಪನಿಯ ಫಲಕದ ಮೇಲೆ ಇದನ್ನೇ ‘ಏನೂ ವ್ಯರ್ಥವಾಗದು’ ಎಂದು ಬರೆದಿದ್ದರು.

ಇದೆಲ್ಲ ಬಸಿಂಗಳಿಗೆ ತಿಳಿದದ್ದು ಆ ಫೆಬ್ರವರಿಯಲ್ಲೇ. ಒಂದು ಬೆಳಿಗ್ಗೆ ಕಾಲೇಜಿನ ಹುಡುಗಿಯರು ಕಾರ್ಖಾನೆ ನೋಡಲು ಬಂದರು. ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ್ದ ಜೆರಿಕೊ ಎಂಬ ಕೆಮಿಸ್ಟ್ ಅವರಿಗೆ ವಿವರಿಸುತ್ತಿದ್ದ. ಬಸಿಂಗ್ ಹಗ್ಗ ಹಿಡಿದು ನಿಂತಿದ್ದಳು. ಒಳಗೆ ಪಿನಾಂಗ್ ಅಪಸ್ವರದಲ್ಲಿ ಬದುಕಿದ್ದಳು. ನೀರಿನಲ್ಲಿ ಕಾಣದೆ ಉಳಿಯುವ ಔಷಧಿ, ರಾಸಾಯನಿಕಗಳನ್ನೆಲ್ಲ ಈ ಇದ್ದಿಲು ಹಿಡಿದಿಟ್ಟುಕೊಳ್ಳುತ್ತದೆ ಎಂದು ಅವನು ಹೇಳಿದ.

"ಹಿಡ್ಕೊಂಡ ಮೇಲೆ ಎಲ್ಲಿ ಹೋಗುತ್ತೆ ಸಾರ್?" ಎಂದು ಕೇಳಿದವಳು ಹುಡುಗಿಯರಲ್ಲಿ ಒಬ್ಬಳಲ್ಲ, ಬಸಿಂಗ್.

ಜೆರಿಕೊ ತಿರುಗಿ ನೋಡಿದ. ಪ್ರಶ್ನೆ ಕೇಳಿದ್ದಕ್ಕೆ ಅವನಿಗೆ ಖುಷಿಯಾದ ಹಾಗಿತ್ತು. "ಎಲ್ಲೂ ಹೋಗಲ್ಲ ಅಕ್ಕ. ಇದ್ದಿಲಲ್ಲೇ ಇರುತ್ತೆ. ಕಾಯಿಸಿದ್ರೆ ಮಾತ್ರ ಬಿಡುತ್ತೆ. ಅದಕ್ಕೇ ಮುಚ್ಚಿದ ಕುಲುಮೇಲಿ, ಸಾವಿರ ಡಿಗ್ರಿ ಹತ್ತಿರ ಸುಡ್ಬೇಕು. ಬಂದ ಹೊಗೆನೂ ಮತ್ತೆ ಸುಡ್ಬೇಕು."

"ಅನ್ನ ಬೇಯೋಕೆ ಎಷ್ಟು ಬೇಕು ಸಾರ್?"

"ನೂರು ಸಾಕು. ಯಾಕೆ?"

ಅವಳು ಗೋಡೆಯಾಚೆಗೆ ಕೈ ತೋರಿಸಿದಳು. ಅರವತ್ತು ತಗಡಿನ ಸೂರುಗಳ ಮೇಲೆ ನೀಲಿ ಹೊಗೆ ಏಳುತ್ತಿತ್ತು. ಜೆರಿಕೊನ ಮುಖ ಬಿಳುಚಿಕೊಂಡಿತು. ಅವನು ಹುಡುಗಿಯರನ್ನು ಅಲ್ಲೇ ಬಿಟ್ಟು ಇಂಜಿನಿಯರನ ಕೋಣೆಗೆ ಹೋದ. ಅರ್ಧ ಗಂಟೆ ಬಿಟ್ಟು ಹೊರಗೆ ಬಂದವನು ಅವತ್ತಿನಿಂದ ಹೆಂಗಸರ ಮುಖ ನೋಡಿ ಮಾತಾಡಲಿಲ್ಲ. ಓದಿದವನಲ್ಲವೆ, ಬೇಗ ಕಲಿತ.

ಬಸಿಂಗ್ ಮನೆಗೆ ಬಂದು ಒಲೆಯಿಂದ ಉಂಡೆಗಳನ್ನು ತೆಗೆದು ಹೊರಗೆಸೆದಳು. ಆಯ್ದು ತಂದ ಚಕ್ಕೆ ಚೂರು ಉರಿಸಿದಳು. ಆದರೆ ಪಕ್ಕದ ಮನೆಯ ಹೊಗೆಗೆ ಗೋಡೆ ಎಲ್ಲಿದೆ? ತಗಡಿನ ಸಂದಿಯಿಂದ ಅದೇ ಕಹಿ ಒಳಗೆ ಬಂತು, ಮಾಯುಮಿ ಕೆಮ್ಮಿದಳು. ಮಗುವಿನ ಬೆನ್ನು ತಟ್ಟುತ್ತ ಕೂತಾಗ ಬಸಿಂಗಳಿಗೆ ತನ್ನ ಕೈಯನ್ನೇ ಕಡಿದುಕೊಳ್ಳಬೇಕೆನಿಸಿತು. ಠಣ್ಣೆಂದಿತೆಂದು ಹೊತ್ತು ತಂದದ್ದು ಇದೇ ಕೈ.

ಮಾರನೆಯ ದಿನ ಅವಳಿಂದ ವಿಷಯ ತಿಳಿದ ಹೆಂಗಸರೆಲ್ಲ ಇಂಜಿನಿಯರನ ಬಳಿ ಹೋದರು. ಅವನು ಸಿಡುಕಲಿಲ್ಲ. ಎಲ್ಲರಿಗೂ ಕುರ್ಚಿ ಹಾಕಿಸಿದ. ಬಸಿಂಗಳಿಗೆ ಆಗಲೇ ಹೆದರಿಕೆಯಾಯಿತು, ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಕೂತದ್ದಿರಲಿಲ್ಲ.

"ಪರೀಕ್ಷೆ ಮಾಡ್ಸಿದೀವಮ್ಮ. ಅದು ಬರೀ ಇದ್ದಿಲು," ಎಂದ ಬನಾಯೊ. "ನಂಬಿಕೆ ಇಲ್ವಾ? ಮುಂದಿನ ತಿಂಗಳು ವಾರ್ಷಿಕೋತ್ಸವಕ್ಕೆ ಮೇಯರ್ ಬರ್ತಾರೆ. ಒಂದೆಲೆ ಊಟ ಇಡ್ತೀನಿ. ನಿಮ್ಮ ಉಂಡೆ ಕೆಂಡದಲ್ಲೇ ಮೀನು ಸುಡಿ. ನಿಮ್ಮ ಪಕ್ಕ ನಿಂತು, ಅದೇ ಎಲೆಯಿಂದ, ಇದೇ ಕೈಯಿಂದ ತಿಂತೀನಿ. ಸಾಕಾ?"

ಸಾಕಾಯಿತು. ಒಂದೆಲೆ ಊಟವೆಂದರೆ ಆ ಕಡೆ ಸಣ್ಣ ಮಾತಲ್ಲ. ಉದ್ದದ ಮೇಜಿನ ಮೇಲೆ ಬಾಳೆಲೆ ಹಾಸಿ, ಅನ್ನ ಮೀನು ರಾಶಿ ಹಾಕಿ, ತಟ್ಟೆ ಚಮಚ ಇಲ್ಲದೆ, ಹೆಗಲಿಗೆ ಹೆಗಲು ತಾಗಿಸಿ ನಿಂತು ಉಣ್ಣುವುದು. ಸೈನ್ಯದಲ್ಲಿ ಸಿಪಾಯಿಯೂ ಕರ್ನಲ್ಲೂ ಒಂದೇ ಎಲೆಯಲ್ಲಿ ಕೈ ಹಾಕುತ್ತಾರೆ. ಚುನಾವಣೆ ಬಂದಾಗ ಮೇಯರನೂ ಹಾಕುತ್ತಾನೆ. ಒಂದೇ ಮೀನನ್ನು ಹಂಚಿಕೊಂಡು ತಿನ್ನುವವನು ಸುಳ್ಳು ಹೇಳುತ್ತಾನೆಯೇ ಎಂದು ಕೇರಿ ಸಮಾಧಾನಪಟ್ಟಿತು.

"ತಿಂದ್ರೆ ನಾನೇ ತಪ್ಪಾಯ್ತು ಅಂತ ಅವನ ಕಾಲು ಹಿಡೀತೀನಿ," ಎಂದಳು ಬಸಿಂಗ್. "ತಿನ್ಲಿಲ್ಲ ಅಂದ್ರೆ?"

"ತಿನ್ಲಿಲ್ಲ ಅಂದ್ರೆ ನಾನು ಹಾಡ್ತೀನಿ," ಎಂದಳು ಪಿನಾಂಗ್.

ವಾರ್ಷಿಕೋತ್ಸವ ಮಾರ್ಚಿನ ಒಂದು ಶುಕ್ರವಾರ ಬಂತು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು, ಮಾಂಸವಿಲ್ಲ, ಬರೀ ಮೀನು. ಬೆಳಿಗ್ಗೆ ಆರಕ್ಕೇ ಹೆಂಗಸರು ಹಳದಿ ಅಂಗಿ ತೊಟ್ಟು ಅಂಗಳದಲ್ಲಿ ಕೆಂಡ ಮಾಡಿದರು. ಬಂಗುಸ್ ಮೀನಿನ ಹೊಟ್ಟೆಗೆ ಈರುಳ್ಳಿ, ಟೊಮೇಟೊ ತುಂಬಿ ಸಾಲಾಗಿ ಇಟ್ಟರು. ಹನ್ನೊಂದು ಗಂಟೆಗೆ ಬಸಿಂಗ್ ಉಪ್ಪು ತರಲೆಂದು ಆಫೀಸಿನ ಹಿಂದುಗಡೆ ಹೋದಳು. ಅಲ್ಲೊಂದು ವ್ಯಾನ್ ನಿಂತಿತ್ತು. ಅದರ ಪಕ್ಕ ಹೋಟೆಲಿನ ಅಡುಗೆಯವನೊಬ್ಬ ಗ್ಯಾಸ್ ಒಲೆಯ ಮೇಲೆ ಅದೇ ಬಂಗುಸ್ ಮೀನು ಬೇಯಿಸುತ್ತಿದ್ದ. ಬೆಂದದ್ದನ್ನು ಎತ್ತಿಟ್ಟು, ಕಾಯಿಸಿದ ಕಬ್ಬಿಣದ ಸರಳಿನಿಂದ ಒಂದೊಂದರ ಮೈಮೇಲೂ ಕಪ್ಪು ಬರೆ ಎಳೆಯುತ್ತಿದ್ದ.

"ಇದೇನಣ್ಣ, ಮೀನಿಗೆ ಬರೆ ಹಾಕ್ತಿದೀಯ? ಏನ್ ತಪ್ಪು ಮಾಡ್ತು ಅದು?"

"ಮೇಡಂ ಹೇಳಿದಾರೆ ಅಕ್ಕ. ಇಪ್ಪತ್ತು ಮೀನು ಗ್ಯಾಸಲ್ಲಿ, ಆದ್ರೆ ಕೆಂಡದಲ್ಲಿ ಸುಟ್ಟಂಗೆ ಕಾಣ್ಬೇಕಂತೆ. ಮೇಯರ್ ನಿಲ್ಲೋ ತುದಿಗೆ."

"ಅಲ್ಲಿ ಬೇಕಾದಷ್ಟು ಕೆಂಡ ಇದೆಯಲ್ಲ."

"ನಾನೂ ಅದ್ನೇ ಕೇಳ್ದೆ. ನಿನ್ನ ಕೆಲಸ ನೋಡ್ಕೋ ಅಂದ್ರು."

ಬಸಿಂಗ್ ಉಪ್ಪು ತೆಗೆದುಕೊಂಡು ವಾಪಸು ಬಂದಳು. ಯಾರಿಗೂ ಏನೂ ಹೇಳಲಿಲ್ಲ. ಮೀನುಗಳನ್ನು ಮಗುಚಿ ಹಾಕಿದಳು. ಎರಡು ವರ್ಷ ಗೊತ್ತಿಲ್ಲದೆ ಕೊಟ್ಟರೆಂದು ಅವಳು ಒಳಗೊಳಗೇ ಅಂದುಕೊಂಡಿದ್ದಳು. ಈಗ ಹಾಗೆ ಅಂದುಕೊಳ್ಳಲು ದಾರಿ ಉಳಿದಿರಲಿಲ್ಲ.

ಮಧ್ಯಾಹ್ನ ಮೇಯರ್ ಬಂದ. ಭಾಷಣವಾಯಿತು. ಇಂಜಿನಿಯರ್ ಬನಾಯೊ ಕಾರ್ಖಾನೆಯ ಕೊನೆಯ ನಲ್ಲಿಯಿಂದ ಹಿಡಿದ ನೀರನ್ನು ಗಾಜಿನ ಲೋಟದಲ್ಲಿ ಎತ್ತಿ ತೋರಿಸಿ, ಗಟಗಟ ಕುಡಿದ. ಚಪ್ಪಾಳೆ. ನಿಜವಾಗಿಯೂ ಒಳ್ಳೆಯ ನೀರು ಅದು, ಕುಡಿಯಬಹುದಿತ್ತು. ಅದರಲ್ಲಿದ್ದ ವಿಷವನ್ನೆಲ್ಲ ತೆಗೆದು ಬೇರೆ ಕಡೆ ಇಟ್ಟಿದ್ದರಲ್ಲ. "ಇವತ್ತು ಇಲ್ಲಿ ಮೇಲು ಕೀಳಿಲ್ಲ, ನಾವೆಲ್ಲ ಒಂದೇ ಎಲೆಯವರು," ಎಂದು ಅವನು ಮೈಕಿನಲ್ಲಿ ಹೇಳಿದ. ಮೇಜಿನ ಒಂದು ತುದಿಯಲ್ಲಿ ಮೇಯರ್, ಇಂಜಿನಿಯರ್, ಮೇಡಂ, ಜೆರಿಕೊ, ಅತಿಥಿಗಳು. ಇನ್ನೊಂದು ತುದಿಯಲ್ಲಿ ಕೇರಿಯವರು. ಎಲೆ ಒಂದೇ, ನಡುವೆ ಅಡ್ಡಲಾಗಿ ಅನಾನಸ್ ಹಣ್ಣುಗಳ ಸಾಲು, ಅಲಂಕಾರಕ್ಕೆ.

ಎಲ್ಲರೂ ಕೈ ಹಾಕುವ ಹೊತ್ತಿಗೆ ಬಸಿಂಗ್ ಕೆಂಡದ ಮೇಲಿಂದ ಇಳಿಸಿದ ಮೀನಿನ ತಟ್ಟೆ ಹೊತ್ತು, ಅನಾನಸ್ ಸಾಲು ದಾಟಿ, ಆ ತುದಿಗೆ ನಡೆದಳು. ಇಂಜಿನಿಯರನ ಮುಂದಿದ್ದ ಬರೆ ಎಳೆದ ಮೀನುಗಳನ್ನು ಪಕ್ಕಕ್ಕೆ ಸರಿಸಿದಳು. ತನ್ನದನ್ನು ಇಟ್ಟಳು.

"ತಗೊಳಿ ಸಾರ್. ಮಾತು ಕೊಟ್ಟಿದ್ರಿ."

"ಹೊಟ್ಟೆ ತುಂಬಿದೆ ಬಸಿಂಗ್."

"ಇನ್ನೂ ಶುರುನೇ ಆಗಿಲ್ಲ ಸಾರ್."

"ನಂಗೆ ಯೂರಿಕ್ ಆಸಿಡ್," ಎಂದ ಇಂಜಿನಿಯರ್. ಮೇಡಂ ರೋಶೆಲ್ ತನಗೆ ಮೀನೇ ಆಗುವುದಿಲ್ಲ ಎಂದರು, ಅವರ ಬೆರಳಿಗೆ ಆಗಲೇ ಮೀನಿನ ಎಣ್ಣೆ ಅಂಟಿತ್ತು. ಲೆಕ್ಕಾಧಿಕಾರಿಗೆ ಇದ್ದಕ್ಕಿದ್ದಂತೆ ಉಪವಾಸ ನೆನಪಾಯಿತು. ಒಂದು ತಟ್ಟೆ ಮೀನು ಕಂಡು ಇಷ್ಟೊಂದು ಜನ ದೊಡ್ಡ ಮನುಷ್ಯರು ರೋಗಿಗಳಾದದ್ದನ್ನು ಕೇರಿ ನೋಡಿರಲಿಲ್ಲ. ಪಾಪ, ಮೇಯರನಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ಕ್ಯಾಮೆರಾ ಕಡೆ ನಗುತ್ತ ಅವನು ಬಸಿಂಗಳ ಮೀನಿಗೆ ಕೈ ಹಾಕಿದ. ಇಂಜಿನಿಯರ್ ಅವನ ಮಣಿಕಟ್ಟು ಹಿಡಿದ.

"ಅದು ಬೇಡ ಮೇಯರ್. ಮುಳ್ಳು ಜಾಸ್ತಿ."

"ಎರಡೂ ಬಂಗುಸ್ಸೇ ಸಾರ್," ಎಂದಳು ಬಸಿಂಗ್. "ನಿಮ್ಮ ಮೀನಿಗೆ ಮುಳ್ಳಿಲ್ವಾ?"

ಅವಳು ಜೆರಿಕೊ ಕಡೆ ತಿರುಗಿದಳು. "ನೀನು ತಿನ್ನಪ್ಪ. ನೀನು ಓದಿದೋನು. ಒಂದು ತುತ್ತು." ಜೆರಿಕೊ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೆಲ ನೋಡಿದ. ಮೇಜಿನ ಇನ್ನೊಂದು ತುದಿಯಲ್ಲಿ ಕೇರಿಯವರು ಬಾಯಿಗೆ ಹೋಗುತ್ತಿದ್ದ ತುತ್ತನ್ನು ಒಬ್ಬೊಬ್ಬರಾಗಿ ಎಲೆಯ ಮೇಲೆ ಇಳಿಸಿದರು.

ಆಗ ಮೇಡಂ ರೋಶೆಲ್ ಪರಿಸ್ಥಿತಿ ಸುಧಾರಿಸಲು ಹೋದರು. ಊಟದ ಕೊನೆಗೆ ಮಿಕ್ಕದ್ದನ್ನು ಕಟ್ಟಿ ಕಳಿಸುವುದು ಆ ಕಡೆಯ ಮರ್ಯಾದೆ. ಅವರು ನಗುನಗುತ್ತ, ತಮ್ಮವರು ಯಾರೂ ಮುಟ್ಟದ ಆ ಮೀನುಗಳನ್ನು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ ಪಿನಾಂಗ್ ಮುಂದೆ ಹಿಡಿದರು.

"ತಗೊಳ್ಳಮ್ಮ. ಮಕ್ಕಳಿಗೆ ಆಗುತ್ತೆ."

ಪಿನಾಂಗ್ ಆ ಚೀಲವನ್ನು ನೋಡಿದಳು. ಮೇಡಂ ಮುಖ ನೋಡಿದಳು. ಹಾಡಲಿಲ್ಲ. ಕೈಯನ್ನೂ ಚಾಚಲಿಲ್ಲ. ಮೇಡಂ ಪಕ್ಕದವಳಿಗೆ ಹಿಡಿದರು. ಅವಳೂ ಚಾಚಲಿಲ್ಲ. ಕೊಟ್ಟದ್ದನ್ನು ಬೇಡವೆಂದು ಹೇಳಿ ಅಭ್ಯಾಸವಿಲ್ಲದ ಹೆಂಗಸರು ಅವರು. ಆದರೂ ಒಂದು ಕೈಯೂ ಮುಂದೆ ಬರಲಿಲ್ಲ.

"ನಾಟಕ ಸಾಕು," ಎಂದ ಇಂಜಿನಿಯರ್, ಮೈಕು ದೂರ ಸರಿಸಿ. "ಸೋಮವಾರ ಮೂರನೇ ಟ್ಯಾಂಕ್ ಖಾಲಿ ಮಾಡ್ಬೇಕು. ಹೀಗೆ ಆಡೋರ ಕರಾರು ಇವತ್ತಿಗೇ ಮುಗೀತು ಅಂದ್ಕೊಳ್ಳಿ."

ಬಸಿಂಗ್ ಹಳದಿ ಅಂಗಿಯನ್ನು ತಲೆಯ ಮೇಲಿಂದ ಕಳಚಿದಳು. ಒಳಗೆ ಟ್ಯಾಂಕಿಗೆ ಇಳಿಯುವ ಹರಕು ಬನಿಯನ್ನಿತ್ತು. ಅಂಗಿಯನ್ನು ಮಡಚಿ ಬಾಳೆಲೆಯ ಮೇಲಿಟ್ಟಳು.

"ಮೊದಲ್ನೇ ತೊಟ್ಟಿ, ಎರಡ್ನೇ ತೊಟ್ಟಿ, ಆಮೇಲೆ ಇದ್ದಿಲು," ಎಂದಳು. "ಅದಾದ್ಮೇಲೆ ನನ್ನ ಮೊಮ್ಮಗಳ ಎದೆ. ಎರಡು ವರ್ಷ ನಿಮ್ಮ ನೀರು ಸೋಸಿದ್ದು ಆ ಮಗು ಸಾರ್. ಇನ್ನು ಸೋಸಲ್ಲ. ನಾವು ಯಾರೂ ಇಳಿಯಲ್ಲ."

ಮೇಜಿನ ಮೇಲೆ ನೀರಿನ ದೊಡ್ಡ ಗಾಜಿನ ಹೂಜಿಯಿತ್ತು, ಇಂಜಿನಿಯರ್ ಕುಡಿದು ತೋರಿಸಿದ ಅದೇ ನೀರು. ಬಸಿಂಗ್ ಅದನ್ನೆತ್ತಿಕೊಂಡು ಹೋಗಿ ಕೆಂಡದ ಮೇಲೆ ಸುರಿದಳು. ಕೇರಿಗೆ ಆ ನೀರು ಸಿಕ್ಕಿದ್ದು ಅದೇ ಮೊದಲು.

ಆಮೇಲೆ ಕೇರಿಯವರು ಹೊರಟುಹೋದರು. ಅತಿಥಿಗಳು ನಿಟ್ಟುಸಿರಿಟ್ಟು ಬರೆ ಎಳೆದ ಮೀನು ತಿಂದರು. ಕೈ ತೊಳೆದು ಕಾರು ಹತ್ತುವ ಹೊತ್ತಿಗೆ ಗೇಟಿನ ಮುಂದೆ ಮೂಟೆಗಳು ಬೀಳತೊಡಗಿದವು. ಅರವತ್ತು ಮನೆಗಳವರು, ಮುದುಕರು, ಬಸುರಿಯರು, ಮನೆಯಲ್ಲಿದ್ದ ಉಂಡೆ, ಪುಡಿ, ಬೂದಿ ಎಲ್ಲವನ್ನೂ ಹೊತ್ತು ತಂದರು. ಬೇರೆ ಸೌದೆ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಸಂಜೆಯ ಅನ್ನ ಹೇಗೆ ಬೇಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಆದರೂ ತಂದರು. ಬಸಿಂಗ್ ಮೂರು ಸಲ ಹೋಗಿ ಬಂದಳು. ಕೊನೆಯ ಸಲ ಒಂದು ಹೆಗಲ ಮೇಲೆ ಮೂಟೆ, ಇನ್ನೊಂದು ಕಡೆ ಸೊಂಟದಲ್ಲಿ ಮಾಯುಮಿ. ಮೂಟೆಗಳ ರಾಶಿ ಎದೆಮಟ್ಟ ಬಂತು. ಕೇರಿ ಅದರಾಚೆ ನಿಂತಿತು. ಮೇಯರನ ಕಾರು ಈಚೆ ನಿಂತಿತು.

ಡ್ರೈವರ್ ಹಾರ್ನ್ ಹೊಡೆದ. ಯಾರೂ ಸರಿಯಲಿಲ್ಲ.

"ಇದೆಲ್ಲ ಏನು? ಆಳುಗಳನ್ನ ಕರೆದು ತೆಗೆಸಿ," ಎಂದು ಮೇಯರ್ ಗಾಜು ಇಳಿಸಿ ಹೇಳಿದ.

ಇಂಜಿನಿಯರ್ ಬನಾಯೊ ಸುತ್ತ ನೋಡಿದ. ಆಳುಗಳು ಗೇಟಿನಾಚೆ ನಿಂತು ಅವನನ್ನೇ ನೋಡುತ್ತಿದ್ದರು. ಮೇಯರನಿಗೆ ಇನ್ನೊಂದು ಕಾರ್ಯಕ್ರಮವಿತ್ತು. ಡ್ರೈವರ್ ತಾನೇ ಕೆಳಗಿಳಿದು, ತೋಳು ಮಡಚಿ, ಮೊದಲ ಮೂಟೆಗೆ ಕೈ ಹಾಕಲು ಬಗ್ಗಿದ.

"ಏಯ್, ಬರಿಗೈಲಿ ಮುಟ್ಬೇಡ," ಎಂದು ಇಂಜಿನಿಯರ್ ಹಿಂದಿನಿಂದ ಕೂಗಿದ. "ಗ್ಲೌಸ್ ಹಾಕ್ಕೋ. ಮೂಗಿಗೆ ಮಾಸ್ಕ್ ಕಟ್ಕೋ ಮೊದ್ಲು."

ಕೂಗಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಗೇಟಿನಾಚೆಯವರಿಗೂ ಕೇಳಿಸಿತ್ತು. ಹೆಂಗಸರು ತಮ್ಮ ತಮ್ಮ ಕೈಗಳನ್ನು ನೋಡಿಕೊಂಡರು. ಬಸಿಂಗ್ ತನ್ನ ಕಪ್ಪು ಅಂಗೈಯನ್ನು ಮಾಯುಮಿಯ ಮೈಯಿಂದ ತೆಗೆದು, ಮಗುವನ್ನು ಮೊಣಕೈಯಲ್ಲಿ ಅವುಚಿಕೊಂಡಳು. ಡ್ರೈವರ್ ಮೂಟೆಯಿಂದ ಹಿಂದೆ ಸರಿದು ನಿಂತ. ಅಲ್ಲಿಂದ ಯಾರೂ ಕದಲಲಿಲ್ಲ.